ಬಳೆಗಾರ ಓಡಿಹೋಗಿರಲಿಲ್ಲ

ಹುಮನಾಬಾದಿನ ಬಯಲಿನಲ್ಲಿ ಸರಕಾರದ ಮೋಟಾರು ಬಂದು, ಬಿಳಿ ಪರದೆ ಕಟ್ಟಿ ಚಿತ್ರ ತೋರಿಸಿದಾಗ ನನಗೆ ಇಪ್ಪತ್ತೆರಡು ವರ್ಷ. ಹಿಂದೂಸ್ತಾನದ ಫೌಜು ಬಂದು ಹೈದರಾಬಾದ್ ರಾಜ್ಯ ಮುರಿದುಬಿದ್ದು ಎರಡು ವರ್ಷವಾಗುತ್ತ ಬಂದಿತ್ತು. ಚಿತ್ರದಲ್ಲಿದ್ದದ್ದೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಲಾರಿಗಳು ಬಂದದ್ದು ನಿಜ, ಜನ ಹಾರ ಹಾಕಿದ್ದು ನಿಜ, ನಾನೂ ಹಾಕಿದ್ದೇನೆ. ಆದರೆ ದಪ್ಪ ದನಿಯವನೊಬ್ಬ ಹಿಂದಿಯಲ್ಲಿ ಹೇಳುತ್ತಿದ್ದ: ನಾಲ್ಕೇ ದಿನಕ್ಕೆ ಎಲ್ಲ ಮುಗಿಯಿತು, ಎಲ್ಲೆಲ್ಲೂ ಶಾಂತಿ, ಹೆದರಿ ಓಡಿಹೋದವರು ಈಗ ಮನೆಗೆ ಮರಳುತ್ತಿದ್ದಾರೆ. ಪತ್ರಿಕೆಗಳೂ ಅದನ್ನೇ ಬರೆದಿದ್ದವು. ಬರೆದವರ ಕೈ ಸೇದಿಹೋಗಲಿ!

ಪಕ್ಕದಲ್ಲಿ ಕೂತಿದ್ದ ಚಾಚಿ ನನ್ನ ತೊಡೆ ಚಿವುಟಿದಳು.

"ಕೇಳಿದ್ಯಾ ಬೇಟಿ? ವಾಪಸ್ ಬರಾಕತ್ತಾರಂತ. ನಾ ಹೇಳಿದ್ದಿಲ್ಲಾ?"

ಬಳೆಗಾರ ಚಾಚಾನ ಹೆಂಡತಿ ಅವಳು. ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದೆವು. ಅಲ್ಲಿ ನನ್ನ ಗಂಡನ ಮನೆಯೂ ಅವರ ಮನೆಯೂ ಒಂದೇ ಓಣಿಯಲ್ಲಿದ್ದವು. ಗದ್ದಲದ ನಂತರ ಅವಳು ಹುಮನಾಬಾದಿನ ಅಣ್ಣನ ಮನೆಯಲ್ಲೇ ಉಳಿದಿದ್ದಳು. ಹುಮನಾಬಾದು ನನ್ನ ತವರು. ನಾನು ಬಂದಾಗಲೆಲ್ಲ ಅವಳು ಓಡಿ ಬಂದು, ಅವರ ಸುದ್ದಿ ಏನಾದರೂ ಇದೆಯೇ ಎಂದು ಕೇಳುತ್ತಿದ್ದಳು. ಎರಡೂ ಕೈತುಂಬ ಬಳೆ ತೊಟ್ಟು ಗಂಡನಿಗಾಗಿ ಕಾಯುತ್ತಿದ್ದಳು. ಚಾಚಾ ಎಲ್ಲಿದ್ದಾನೆಂದು ನನಗೆ ಗೊತ್ತಿತ್ತು.

ಅದಕ್ಕೂ ಮೊದಲಿನದನ್ನು ಹೇಳಬೇಕು. ಇಲ್ಲವಾದರೆ ನಾನೂ ಆ ದಪ್ಪ ದನಿಯವನ ಪೈಕಿಯವಳೇ. ಫೌಜು ಬರುವ ಮೊದಲು, ಹೈದರಾಬಾದ್ ರಾಜ್ಯ ಉಳಿಸುತ್ತೇವೆಂದು ಖಾಕಿ ತೊಟ್ಟ ಗುಂಪೊಂದು ನಮ್ಮ ಓಣಿಗೆ ನುಗ್ಗಿ, ನನ್ನ ಭಾವನನ್ನು ಅಂಗಳದಲ್ಲೇ ತಲವಾರದಿಂದ ಕಡಿದು ಹಾಕಿತು. ಕಣಿಕೆಯ ಬಣವೆಗೆ ಬೆಂಕಿ ಇಟ್ಟಿತು. ನನ್ನ ಗಂಡ ಸೊಲ್ಲಾಪುರಕ್ಕೆ ಓಡಿದ. ನನ್ನನ್ನು ತನ್ನ ಮನೆಯ ಕೌದಿಗಳ ರಾಶಿಯಡಿ ಬಚ್ಚಿಟ್ಟು, ಬಾಗಿಲಿಗೆ ಅಡ್ಡ ನಿಂತು, "ಒಳಗ ನನ್ನ ಮಗಳು ಬಾಣಂತಿ ಅದಾಳ" ಎಂದು ದೇವರಾಣೆ ಮಾಡಿ ಉಳಿಸಿದವನು ಚಾಚಾ. ಅವರಿಗೆ ಮಕ್ಕಳೇ ಇರಲಿಲ್ಲ.

ಫೌಜಿನ ಲಾರಿಗಳು ಮುಂದೆ ಹೋದವು. ಹಿಂದೆಯೇ ನಮ್ಮವರು ಸೇಡಿಗೆಂದು ಮುಸಲ್ಮಾನರ ಮೇಲೆ ಕೊಡಲಿ ಹಿಡಿದರು. ಆ ಮುಂಜಾನೆ, ನನ್ನ ಗಂಡ ಮರಳುತ್ತಾನೆಂಬ ಸಂತೋಷಕ್ಕೆ ಮಾವ ನನಗೆ ಬಳೆ ತೊಡಿಸಲು ಚಾಚಾನನ್ನು ಕರೆಸಿದ್ದರು. ಚಾಚಿ ಹುಮನಾಬಾದಿನಲ್ಲಿದ್ದಳು. ನನ್ನ ಬೆರಳು ಒತ್ತಿ ಹಿಡಿದು ಹಸಿರು ಬಳೆ ಏರಿಸುತ್ತ, "ನಿನ್ನ ಕೈ ಕಟ್ಟಿಗಿ ಆಗ್ಯಾದ ಮಗಳ, ಉಣ್ಣಾಕ ಹಾಕಂಗಿಲ್ಲೇನು ಇವರು?" ಎಂದು ಚಾಚಾ ಚೇಷ್ಟೆ ಮಾಡುತ್ತಿದ್ದಾಗಲೇ ಓಣಿಯ ಆ ತುದಿಯಲ್ಲಿ ಚೀರಾಟ ಎದ್ದಿತು.

"ಹಗೇವಿನ್ಯಾಗ ಇಳೀರಿ, ಲಗೂನ!" ಎಂದರು ಮಾವ.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು, ಒಳಗೆ ಎರಡಾಳು ಆಳ. ತೆರೆದ ಮೇಲೆ ಅರ್ಧ ದಿನ ಯಾರೂ ಇಳಿಯಬಾರದು. ಕಂದೀಲು ಇಳಿಬಿಟ್ಟು, ಆರದಿದ್ದರೆ ಮಾತ್ರ ಇಳಿಯಬೇಕು. ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆ ಹೊತ್ತಿನಲ್ಲಿ ನಮಗೆ ಕೊಡಲಿಯೊಂದೇ ಕಂಡಿತು. ಚಾಚಾನನ್ನು ಇಳಿಸಿ, ಮಾವನೂ ನಾನೂ ಸೇರಿ ಬಾಯಿಗೆ ಕಲ್ಲು ಎಳೆದೆವು.

ಬಂದವರೆಲ್ಲ ನಮ್ಮ ಮನೆಯಲ್ಲಿ ಉಂಡವರೇ. ಒಬ್ಬನ ಕೊಡಲಿಗೆ ರಕ್ತದ ಜೊತೆ ಬಿಳಿ ಕೂದಲು ಅಂಟಿತ್ತು.

"ಬಳಿಗಾರ ಎಲ್ಲಿ?"

"ಬೀದರ್ ಕಡಿ ಓಡಿಹೋದ" ಎಂದರು ಮಾವ.

ಅವರು ಹೋಗಲಿಲ್ಲ. ನೀರು ಕೇಳಿದರು, ಕಟ್ಟೆಯ ಮೇಲೆ ಕೂತು ಕೊಡಲಿ ಒರೆಸಿಕೊಂಡರು. ಅಷ್ಟರಲ್ಲಿ ನೆಲದೊಳಗಿಂದ ಬಡಿತ ಕೇಳಿಸಿತು. ಮುದುಕನಿಗೆ ಹೆದರಿಕೆಯಿಂದ ಬುದ್ಧಿ ಕೆಟ್ಟಿದೆ, ಸದ್ದು ಮಾಡಿ ತಾನೂ ಸಾಯುತ್ತಾನೆ, ನಮ್ಮನ್ನೂ ಸಾಯಿಸುತ್ತಾನೆ ಎಂದುಕೊಂಡೆ. ಬೀಸುಕಲ್ಲಿನ ಮುಂದೆ ಕೂತು ಗರಗರ ತಿರುವಿದೆ. ಬಡಿತ ಜೋರಾದಂತೆ ಬೀಸುವ ಪದವನ್ನೂ ಜೋರಾಗಿ ಹಾಡಿದೆ. ಕಡೆಗೆ ಬಡಿತ ನಿಂತಿತು. ಜಾಣ, ಸುಮ್ಮನಾದ ಎಂದು ಮನಸ್ಸಿನಲ್ಲೇ ಹೊಗಳಿದೆ.

ಅವರು ಹೋದ ಮೇಲೆ ಕಲ್ಲು ಸರಿಸಿ ಕಂದೀಲು ಬಿಟ್ಟೆವು. ಫಕ್ಕನೆ ಆರಿತು. ಮಾವ ತಲೆ ಗೋಡೆಗೆ ಚಚ್ಚಿಕೊಂಡರು. ಹಗ್ಗದ ಕುಣಿಕೆ ಹಾಕಿ ಭುಜದವರೆಗೆ ಎಳೆದಾಗ ಚಾಚಾನ ಬೆರಳುಗಳು ಕಂಡವು. ಉಗುರು ಕಿತ್ತುಹೋಗಿ ಮಾಂಸಕ್ಕೆ ಮಣ್ಣು ಮೆತ್ತಿತ್ತು. ಹೊರಗೆ ಒಯ್ಯುವಂತಿರಲಿಲ್ಲ, ಓಣಿಯ ತುಂಬ ಕೊಡಲಿಗಳಿದ್ದವು. ಅಲ್ಲೇ ಮತ್ತೆ ಇಳಿಸಿ ಮಣ್ಣು ತುಂಬಿದೆವು. ಬಾಯಿ ಬಿಡಬಾರದೆಂದು ಮಾವ ನನ್ನಿಂದ ಲಿಂಗ ಮುಟ್ಟಿಸಿ ಆಣೆ ಮಾಡಿಸಿದರು.

ಅಂದು ಮಾವ ಹೇಳಿದ "ಓಡಿಹೋದ" ಎಂಬ ಮಾತು ಓಣಿಯಿಂದ ಕಚೇರಿಗೆ ಹೋಯಿತು. ಈಗ ಪರದೆಯ ಮೇಲೆ ಬಂದು ಕೂತಿತ್ತು. ನಮ್ಮ ಮನೆಯ ಸುಳ್ಳನ್ನೇ ನನಗೆ ಹೇಳುತ್ತಿದ್ದಾನಲ್ಲ ಈ ದಪ್ಪ ದನಿಯವನು!

"ಸುಳ್ಳ ಅದು!" ಎಂದು ಎದ್ದು ನಿಂತು ಚೀರಿದೆ. "ಓಡಿಹೋಗಿಲ್ಲ. ಸತ್ತಾರ. ಇಲ್ಲೇ ಸತ್ತಾರ!" ಹಿಂದಿನವರು ಕೂಡ್ರು ಕೂಡ್ರು ಎಂದು ಬೈದರು. ಚಾಚಿ ನನ್ನ ರಟ್ಟೆ ಹಿಡಿದು ಮೋಟಾರಿನ ಮರೆಗೆ ಎಳೆದೊಯ್ದಳು. ಒಂದೂ ಬಿಡದೆ ಎಲ್ಲ ಹೇಳಿದೆ.

"ಅವರು ಒಳಗಿಂದ ಬಡದಿದ್ರೇನು?" ಎಂದಳು.

"ಬಡದಿದ್ರು ಚಾಚಿ. ಭಾಳ ಹೊತ್ತು."

"ನೀ ಏನ್ ಮಾಡಾಕತ್ತಿದ್ದಿ?"

"ಬೀಸಾಕತ್ತಿದ್ದೆ."

ಅವಳು ಹೊಡೆಯಲಿ ಎಂದು ಕಾದೆ. ಹೊಡೆಯಲಿಲ್ಲ. ಚಾಚಾ ತೊಡಿಸಿದ ಹಸಿರು ಬಳೆಗಳಲ್ಲಿ ಎರಡು ನನ್ನ ಬಲಗೈಯಲ್ಲಿ ಇನ್ನೂ ಉಳಿದಿದ್ದವು. ನನ್ನ ಬೆರಳುಗಳನ್ನು ಅವನಂತೆಯೇ ಒತ್ತಿ ಹಿಡಿದು, ಒಡೆಯದಂತೆ, ಒಂದೊಂದಾಗಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು. ಆಮೇಲೆ ತನ್ನ ಎರಡೂ ಕೈಗಳನ್ನು ಮೋಟಾರಿನ ಕಬ್ಬಿಣಕ್ಕೆ ಬಡಿದಳು.