ಟೈಲರಮ್ಮನ ಬರಿಗಾಲು

ಟೈಲರಮ್ಮನನ್ನು ನಾನು ಮೊದಲು ಕಂಡದ್ದು ಆಸ್ಪತ್ರೆಯ ಸಕ್ಕರೆ ಕಾಯಿಲೆ ವಿಭಾಗದ ಬೆಂಚಿನ ಮೇಲೆ. ಆಗಿನ್ನೂ ನನ್ನ ನಿವೃತ್ತಿಗೆ ಎರಡು ವರ್ಷವಿತ್ತು. ಬೆಳಗಿನ ರಕ್ತಪರೀಕ್ಷೆಗೆ ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಸರದಿ ಕಾಯುತ್ತಿದ್ದೆವು. ಅಳತೆಯ ಟೇಪು ಅವರ ಕೊರಳಲ್ಲೇ ಜೋತಾಡುತ್ತಿತ್ತು. ನನ್ನ ಅಂಗಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, "ಮೇಷ್ಟ್ರಾ ನೀವು?" ಎಂದರು.

"ಹೌದು. ಹೇಗೆ ಗೊತ್ತಾಯ್ತು?"

"ಬಲಗೈ ಕಫ್ ಬೋರ್ಡಿಗೆ ಉಜ್ಜಿ ಉಜ್ಜಿ ಸವೆದಿದೆ. ಎಡತೋಳು ಅರ್ಧ ಇಂಚು ಉದ್ದ ಬಂದಿದೆ. ಹೊಲಿದೋರೂ ಪಾಪ ಖಾಲಿ ಹೊಟ್ಟೇಲಿದ್ರು ಅಂತ ಕಾಣುತ್ತೆ."

ಅಂದಿನಿಂದ ನನ್ನ ಅಂಗಿಗಳು ಅವರಲ್ಲಿಗೇ ಹೋದವು. ಮೆಟ್ಟಿಲ ಕೆಳಗಿನ ಒಂದೇ ಕೋಣೆಯ ಅಂಗಡಿ. ಕಿಟಕಿಗೆ ಒತ್ತಿ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಪಕ್ಕದ ಕುಳ್ಳು ಸ್ಟೂಲಿನ ಮೇಲೆ ಅವರ ಅಕ್ಕ ಕುಳಿತು ಗುಂಡಿ ಹಚ್ಚುವುದು, ಅಂಚು ಮಡಿಸುವುದು. ಇಬ್ಬರ ಊಟ, ಬಾಡಿಗೆ, ಔಷಧಿ ಎಲ್ಲವೂ ಆ ಯಂತ್ರದ ಮೇಲೆಯೇ ನಡೆಯುತ್ತಿದ್ದವು.

ಆ ವರ್ಷ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ಆರಂಭವಾಯಿತು. ಸಕ್ಕರೆ ಕಾಯಿಲೆ ಹಳೆಯದಾದವರ ಪಾದ ಜೋಮು ಹಿಡಿಯುತ್ತದೆ. ಗಾಯವಾದರೂ ತಿಳಿಯದೆ ಕೆಲವರು ಬೆರಳನ್ನೇ ಕಳೆದುಕೊಳ್ಳುವುದುಂಟು. ಒಳಗೆ ಮೆತ್ತೆಯಿರುವ ವಿಶೇಷ ಚಪ್ಪಲಿಯನ್ನು ಮನೆಯೊಳಗೂ ಹೊರಗೂ ಸದಾ ಹಾಕಿಕೊಂಡಿದ್ದರೆ ಇದು ತಪ್ಪುತ್ತದೆಯೇ ಎಂದು ನೋಡುವುದು ಉದ್ದೇಶ. ಟೈಲರಮ್ಮನಿಗೂ ನನಗೂ ಒಂದೊಂದು ಜೊತೆ ಸಿಕ್ಕಿತು, ಜೊತೆಗೆ ತಿಂಗಳಿಗೊಂದು ಕಾರ್ಡು. ಹಾಕಿಕೊಂಡ ದಿನ ಚೌಕದಲ್ಲಿ ಗುರುತು ಹಾಕಬೇಕು. ಮೂರು ತಿಂಗಳಿಗೊಮ್ಮೆ ಪಾದ ಪರೀಕ್ಷೆ. ನಿಯಮ ಪಾಲಿಸದವರನ್ನು ಪಟ್ಟಿಯಿಂದ ತೆಗೆಯಲಾಗುವುದು ಎಂದು ಕಾರ್ಡಿನ ಹಿಂಬದಿಯಲ್ಲಿ ಬರೆದಿತ್ತು.

ಕಾರ್ಡು ಒಪ್ಪಿಸುವ ದಿನ ಟೈಲರಮ್ಮ ಅದೇ ಬೆಂಚಿನ ಮೇಲೆ ಕುಳಿತು ಒಂದು ತಿಂಗಳ ಗುರುತುಗಳನ್ನು ಒಂದೇ ಸಮನೆ ಹಾಕುತ್ತಿದ್ದರು. ರಜೆಯ ಕಾಪಿಯನ್ನು ಶಾಲೆ ತೆರೆಯುವ ದಿನ ಬರೆಯುವ ಮಕ್ಕಳನ್ನು ಮೂವತ್ತು ವರ್ಷ ನೋಡಿದವನು ನಾನು. ನನ್ನ ಕಾರ್ಡೂ ಹಾಗೆಯೇ ತುಂಬಿತ್ತು.

ಆರು ತಿಂಗಳಾಯಿತು. ಒಂದು ದಿನ ಯಂತ್ರದ ತುಳಿಯುವ ಪಟ್ಟಿಯ ಮೇಲೆ ಕಪ್ಪು ಕಲೆ ಕಂಡು, "ಎಣ್ಣೆ ಸೋರ್ತಿದೆ ಕಣೇ" ಎಂದು ಅಕ್ಕ ಬಟ್ಟೆ ತಂದರು. ಒರೆಸಿದಾಗ ಬಟ್ಟೆ ಕೆಂಪಾಯಿತು. ಟೈಲರಮ್ಮನ ಬಲಗಾಲಿನ ಎರಡನೆಯ ಬೆರಳಿನ ಕೆಳಗೆ ಗಾಯವಾಗಿತ್ತು. ಎಂದು ಆಯಿತೋ ಅವರಿಗೇ ತಿಳಿಯದು.

"ಡಾಕ್ಟರಿಗೆ ಹೇಳು" ಎಂದರು ಅಕ್ಕ.

"ಹೇಳಿದ್ರೆ ತಿಂಗಳುಗಟ್ಟಲೆ ಮಲಗಿಸ್ತಾರೆ. ಯಂತ್ರ ನೀನು ತುಳೀತೀಯಾ?"

"ಬೆರಳು ಹೋದ್ಮೇಲೆ ನೀನು ತುಳೀತೀಯೇನು?"

ಎರಡು ವಾರ ಬಟ್ಟೆಯ ಚೂರು ಸುತ್ತಿಕೊಂಡೇ ಹೊಲಿದರು.

ಅಷ್ಟರಲ್ಲಿ ಸಂಶೋಧನೆಯ ಡಾಕ್ಟರಮ್ಮ ನಾವಿಬ್ಬರೂ ಸೇರಿದಂತೆ ಕೆಲವು ರೋಗಿಗಳನ್ನು ಸಭೆಗೆ ಕರೆದರು. ಇದು ಅವರದೇ ಹಟ. ರೋಗಿಗಳಿಗೆ ಏನು ತಿಳಿಯುತ್ತದೆ ಎಂದು ಹಿರಿಯ ವೈದ್ಯರು ಮೂಗು ಮುರಿದಿದ್ದರಂತೆ. ಉದ್ದನೆಯ ಮೇಜು, ಎಂಟು ಕುರ್ಚಿ, ಸಕ್ಕರೆಯಿಲ್ಲದ ಚಹಾ. ಡಾಕ್ಟರಮ್ಮ ಸೋತ ಮುಖದಲ್ಲಿ ಕಾಗದ ತೆರೆದರು.

"ಎಲ್ಲರ ಕಾರ್ಡೂ ಭರ್ತಿ ಇದೆ. ಆದ್ರೂ ಗಾಯ ಕಡಿಮೆ ಆಗಿಲ್ಲ. ಈ ಚಪ್ಪಲಿಯಿಂದ ಉಪಯೋಗ ಇಲ್ಲ ಅಂತ ಬರೆದು ಮುಗಿಸಬೇಕಾಗುತ್ತೆ."

ಎಲ್ಲರೂ ಚಹಾ ಲೋಟದೊಳಗೆ ನೋಡುತ್ತಿದ್ದರು. ಟೈಲರಮ್ಮ ಚಪ್ಪಲಿಯಿಂದ ಬಲಗಾಲನ್ನು ಹೊರತೆಗೆದು ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟರು.

"ಚಪ್ಪಲಿ ಮೇಲೆ ತಪ್ಪು ಹೊರಿಸಬೇಡಿ. ನಾನು ಸುಳ್ಳು ಬರೆದಿದ್ದೀನಿ. ದಾರೀಲಿ ಹಾಕ್ಕೋತೀನಿ, ಯಂತ್ರದ ಮುಂದೆ ಬಿಚ್ಚಿಡ್ತೀನಿ."

"ಯಾಕಮ್ಮ, ಅಷ್ಟು ಹೇಳಿದ್ದೆನಲ್ಲ?"

"ಪಾದಕ್ಕೆ ಅರ್ಧ ಸ್ಪರ್ಶ ಹೋಗಿದೆ ಡಾಕ್ಟರಮ್ಮ. ಉಳಿದ ಅರ್ಧದಲ್ಲೇ ಸೂಜಿ ಎಲ್ಲಿ ನಿಲ್ಲಬೇಕು ಅಂತ ತಿಳ್ಕೊಳ್ಳೋದು. ಅದಕ್ಕೂ ಮೆತ್ತೆ ಕಟ್ಟಿದ್ರೆ ಕಾಲರಿನ ಮೂಲೇಲಿ ಹೊಲಿಗೆ ತಿರುಗಿಸೋಕಾಗುತ್ತಾ?"

"ಮೊದಲೇ ಹೇಳಬಹುದಿತ್ತು."

"ಹಾಕ್ಕೊಂಡ್ರಾ ಅಂತ ಕೇಳಿದ್ರಿ. ಎಲ್ಲಿ ಹಾಕ್ಕೊಳ್ಳೋಕಾಗಲ್ಲ ಅಂತ ನಿಮ್ಮ ಕಾರ್ಡು ಕೇಳಲೇ ಇಲ್ಲ."

ಆಮೇಲೆ ನಮ್ಮ ಹಾಗೆಯೇ ರೋಗಿಯಾಗಿ ಬಂದಿದ್ದ ಕ್ಯಾಂಟೀನಿನ ಅಡುಗೆಯವರು ಬಾಯಿಬಿಟ್ಟರು: ಒದ್ದೆ ನೆಲದಲ್ಲಿ ಆ ಚಪ್ಪಲಿ ಜಾರುತ್ತದೆ. ಇನ್ನೊಬ್ಬರು ಬಸ್ ಡ್ರೈವರು, ಅದನ್ನು ಹಾಕಿಕೊಂಡರೆ ಅವರ ಕಾಲಿಗೆ ಬ್ರೇಕು ಸಿಗುವುದಿಲ್ಲವಂತೆ. ಕೊನೆಗೆ ನಾನೂ ಒಪ್ಪಿಕೊಂಡೆ, ನನ್ನದು ಬರೀ ಸೋಮಾರಿತನ. "ಮೇಷ್ಟ್ರಿಗೆ ಸೊನ್ನೆ" ಎಂದರು ಟೈಲರಮ್ಮ, ಕಾಲನ್ನು ಕುರ್ಚಿಯಿಂದ ಇಳಿಸದೆಯೇ.

ಯಾರ ಹೆಸರನ್ನೂ ಪಟ್ಟಿಯಿಂದ ತೆಗೆಯಲಿಲ್ಲ. ಆದರೆ ಟೈಲರಮ್ಮನ ಬೆರಳು ಉಳಿಯಲಿಲ್ಲ. ಎರಡು ವಾರ ತಡವಾಗಿತ್ತು. ಪಾದ ಉಳಿಯಿತು. ಅವರು ಮಲಗಿದ್ದ ಎರಡು ತಿಂಗಳು ಅಕ್ಕ ಕೈಹೊಲಿಗೆಯಲ್ಲೇ ಅಂಗಡಿ ನಡೆಸಿ, ಗಿರಾಕಿಗಳಿಗೆಲ್ಲ ತಂಗಿಯ ಮೊಂಡುತನದ ಕಥೆ ಹೇಳಿದರು.

ಸಂಶೋಧನೆ ನಿಲ್ಲಲಿಲ್ಲ. ಹೊಸ ಕಾರ್ಡು ಬಂತು: ಇವತ್ತು ಎಲ್ಲಿ ಬಿಚ್ಚಿದಿರಿ, ಏಕೆ? ಅದರ ಉತ್ತರಗಳನ್ನು ನೋಡಿ ಕೂತು ಮಾಡುವ ಕೆಲಸಕ್ಕೆ, ಒದ್ದೆ ನೆಲಕ್ಕೆ ಬೇರೆ ಬೇರೆ ಚಪ್ಪಲಿ ಮಾಡಿಸಿದರು. ಯಂತ್ರ ತುಳಿಯುವವರ ಚಪ್ಪಲಿಗೆ ತೆಳು ಅಟ್ಟೆಯಿಟ್ಟು ಬೆರಳ ಸುತ್ತ ಮಾತ್ರ ಮೆತ್ತೆ ಕೊಡುವ ಮಾದರಿಯನ್ನು ಟೈಲರಮ್ಮನೇ ಹಳೆಯ ಪತ್ರಿಕೆಯಲ್ಲಿ ಕತ್ತರಿಸಿಕೊಟ್ಟರು. ಮೊದಲ ಎರಡು ಮಾದರಿ ಹೊಂದಲಿಲ್ಲ. ಮೂರನೆಯದನ್ನು ಹಾಕಿಕೊಂಡು ಒಂದು ಕಾಲರ್ ತಿರುಗಿಸಿ ನೋಡಿ, "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಈಗ ಅವರು ಉದ್ದ ಹೊಲಿಗೆಗೆ ಮೋಟಾರು ಹಾಕಿಸಿಕೊಂಡಿದ್ದಾರೆ. ಕಾಲರಿಗೆ ಮಾತ್ರ ಆ ತೆಳು ಚಪ್ಪಲಿಯಲ್ಲಿ ಎಡಗಾಲಿನಿಂದ ತುಳಿಯುತ್ತಾರೆ. ಗುರುವಾರ ಮಧ್ಯಾಹ್ನ ಅಂಗಡಿಯನ್ನು ಅಕ್ಕನಿಗೆ ಒಪ್ಪಿಸಿ ಆಸ್ಪತ್ರೆಯ ಉದ್ದ ಮೇಜಿನ ಮುಂದೆ ಕೂರುತ್ತಾರೆ. ಸಕ್ಕರೆ ಕಾಯಿಲೆಯ ಯಾವ ಸಂಶೋಧನೆಯ ಪ್ರಶ್ನೆಪತ್ರಿಕೆಯೂ ಅವರ ಕಣ್ಣಿಗೆ ಬೀಳದೆ ಅಚ್ಚಿಗೆ ಹೋಗುವುದಿಲ್ಲ. ಪೆನ್ನು ಮುಟ್ಟುವುದಿಲ್ಲ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲೇ ಗೆರೆ ಎಳೆಯುತ್ತಾರೆ. ಕಳೆದ ವಾರ "ನೀವು ದಿನವೂ ಮಾತ್ರೆ ತೆಗೆದುಕೊಳ್ಳುತ್ತೀರಾ?" ಎಂಬ ಪ್ರಶ್ನೆಯ ಮೇಲೆ ಗೆರೆ ಬಿತ್ತು. "ಇದಕ್ಕೆ ಎಲ್ರೂ ಹೌದು ಅಂತಾರೆ. ಬಿಟ್ಟ ದಿನ ಏನಾಗಿತ್ತು ಅಂತ ಕೇಳಿ" ಎಂದರಂತೆ. ಚಾಕ್‌ಪೀಸಿನ ಗೆರೆ ಅಳಿಸಿಹೋಗುವ ಮುನ್ನ ಡಾಕ್ಟರಮ್ಮ ಪ್ರಶ್ನೆಯನ್ನು ತಿದ್ದಿಕೊಂಡರು.