ಕೋಟೆಯ ಬಾಗಿಲಲ್ಲಿ ಅತ್ತೆ

ಅಮೆರಿಕದ ಶುಗರ್ ಲ್ಯಾಂಡ್‌ನ ನಮ್ಮ ಮನೆಯಿಂದ ಹಾಲು ತರಲು ಹೊರಟರೂ ಅತ್ತೆಗೆ ‘ಹೋಗಿ ಬರ್ತೀನಿ’ ಎನ್ನಬೇಕು. ಬರೀ ‘ಹೋಗ್ತೀನಿ’ ಎಂದರೆ ಅಪಶಕುನವಂತೆ. ಗ್ಯಾರೇಜಿನಿಂದ ವಾಪಸ್ ಕರೆದು ಹೇಳಿಸುತ್ತಾರೆ.

ಘಾನಾ ಪ್ರವಾಸದಲ್ಲಿ, ಗುಲಾಮರನ್ನು ಕೂಡಿಹಾಕುತ್ತಿದ್ದ ಕೋಟೆಗೂ ಹೋದೆವು. ಸಮುದ್ರದ ಕಡೆಯ ಕಿರಿದಾದ ಬಾಗಿಲು ತೋರಿಸಿ ಗೈಡ್, ಇದನ್ನು ದಾಟಿ ಹಡಗು ಹತ್ತಿದವರು ಯಾರೂ ಮರಳಲಿಲ್ಲ ಎಂದ. ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿ, ಫೋಟೊಗೆಂದು ನಾನು ಬಾಗಿಲ ಕಡೆ ಹೊರಟೆ.

“ಏನೂ ಹೇಳ್ದೆ ಹೊರಟ್ಯಲ್ಲೇ?” ಎಂದು ಅತ್ತೆ ದುಪಟ್ಟಾ ಹಿಡಿದು ಎಳೆದರು. ಎಲ್ಲರೆದುರು ಹಲ್ಲು ಕಚ್ಚಿಕೊಂಡು ‘ಹೋಗಿ ಬರ್ತೀನಿ’ ಎಂದೆ.

ಗೈಡ್ ಅರ್ಥ ಕೇಳಿದ. ಬಿಡಿಸಿ ಹೇಳಿದೆ. “ಈ ಬಾಗಿಲು ದಾಟಿದವರಲ್ಲೂ ಎಷ್ಟೋ ಜನ ನೀರು ತರಲು ಹೋದಾಗ ಗುಲಾಮರನ್ನು ಹಿಡಿಯುವವರ ಕೈಗೆ ಸಿಕ್ಕಿಬಿದ್ದವರು. ಮನೆಯಲ್ಲಿ ಇದೇ ಮಾತು ಹೇಳಿ ಹೊರಟಿರುತ್ತಾರೆ,” ಎಂದ.

“ಏನಂತೆ?” ಎಂದರು ಅತ್ತೆ.

“ಒಳ್ಳೇ ಪದ್ಧತಿ ಅಂದ,” ಎಂದೆ.