ಕನ್ನಡ ಬಲ್ಲ ರೆಫರಿ

ಚೆಂಡು ಗೋಲಿನ ಗೆರೆ ದಾಟಿದ್ದನ್ನು ಗೋಲ್‌ಕೀಪರ್ ಆಗಿದ್ದ ನಾನು ಕಣ್ಣಾರೆ ನೋಡಿದ್ದೆ. ಆದರೂ ಗೋಲ್ ಅಲ್ಲವೆಂದು ಹಿಂದಿಯಲ್ಲಿ ಕೂಗಾಡಿದೆ. ಸಮಬಲದ ಆಟದ ಕೊನೆಯ ನಿಮಿಷ ಅದು. ಐಟಿ ಕಟ್ಟಡಗಳು ಏಳುತ್ತಿದ್ದ ಹೈದರಾಬಾದಿನ ಗಚ್ಚಿಬೌಲಿಯ ಖಾಲಿ ಜಾಗದಲ್ಲಿ, ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಅಭಿಮಾನದಿಂದ ಕೆಂಪು, ನೀಲಿ ಎಂದು ಒಡೆದ ನಮ್ಮ ಆಫೀಸಿನವರು ಆಡುತ್ತಿದ್ದೆವು. ಸೋತವರು ಸೋಮವಾರ ಎದುರಾಳಿಯ ಜೆರ್ಸಿ ತೊಟ್ಟು ಕೆಲಸಕ್ಕೆ ಬರಬೇಕಿತ್ತು.

“ಒಳಗೆ ಹೋಗಿತ್ತು ಕಣೋ, ಬಾಯಿ ಬಿಡಬೇಡ” ಎಂದು ನನ್ನಂತೆ ಕೆಂಪು ತಂಡದಲ್ಲಿದ್ದ ಮೈಸೂರಿನ ಗೆಳೆಯನಿಗೆ ಕನ್ನಡದಲ್ಲಿ ಹೇಳಿದೆ. ಉಳಿದವರಿಗೆ ಕನ್ನಡ ಬಾರದು.

ಪಕ್ಕದ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದ ಹೆಂಗಸು ತಟ್ಟನೆ ನಿಂತರು. “ಯಾಕ ಸುಳ್ಳ ಹೇಳ್ತಿ ತಮ್ಮಾ? ಒಳಗ ಹೋಗಿತ್ತಂತ ಈಗ ನೀನ ಅಂದೆಲ್ಲ!” ಎಂದವರೇ ನೀಲಿಯವರಿಗೆ ಅದನ್ನು ತೆಲುಗಿನಲ್ಲೂ ಹೇಳಿಬಿಟ್ಟರು.

ಸೋಮವಾರ ನೀಲಿ ಜೆರ್ಸಿಯಲ್ಲಿ ಆಫೀಸಿಗೆ ಹೋದೆ. ಆ ಕಟ್ಟಡ ಮುಗಿಯುವವರೆಗೂ, ತಕರಾರು ಬಂದಾಗಲೆಲ್ಲ ಎರಡೂ ತಂಡದವರು ರಾಯಚೂರಿನ ಆ ಅಕ್ಕನ ಮುಖ ನೋಡುತ್ತಿದ್ದೆವು.